ರೊಟ್ಟಿ ಬಿಟ್ಟರೂ ಇಳಿಯದ ತೂಕ: ಬಾಗಲಕೋಟೆ ನವನಗರದ ಒಂದು ಮನೆ, 36 ವಾರ

ಹೆಂಗಸೊಬ್ಬರು, ವಯಸ್ಸು 42. ಎತ್ತರ 154 ಸೆಂ.ಮೀ., ತೂಕ 78.4 ಕಿಲೊ. ಕೆಲಸ ಮನೆಯಲ್ಲೇ: ಬ್ಲೌಸ್ ಹೊಲಿಯುವುದು, ಸೀರೆಗೆ ಫಾಲ್ಸ್ ಹಚ್ಚುವುದು. ದಿನಕ್ಕೆ ಏಳು ತಾಸು ಮಷಿನ್ ಮುಂದೆ, ಲಗ್ನದ ದಿನಗಳಲ್ಲಿ ಹತ್ತು ತಾಸು. ಮನೆಯಲ್ಲಿ ಇವರನ್ನೂ ಹಿಡಿದು ಏಳು ಮಂದಿ: ಗಂಡ, ಅತ್ತೆ, ಮಾವ, ಮೈದುನ, ನೆಗೆಣ್ಣಿ, ಪಿಯುಸಿ ಓದುವ ಮಗಳು. ಅಡುಗೆ ಪಾಳಿ ಮೇಲೆ, ಒಂದು ವಾರ ಇವರದು, ಒಂದು ವಾರ ನೆಗೆಣ್ಣಿಯದು. ಮಾಂಸ, ಮೊಟ್ಟೆ ಮನೆಗೆ ಬರುವುದಿಲ್ಲ.

ಇದು ಒಬ್ಬರ ಚರಿತ್ರೆಯಲ್ಲ. ಈ ಭಾಗದ ಮನೆಗಳಲ್ಲಿ ಪದೇ ಪದೇ ಕಾಣುವ ಸ್ಥಿತಿಯನ್ನು ಒಂದು ಮಾದರಿ ಪ್ರಕರಣವಾಗಿ ಕಟ್ಟಿದ್ದು. ಅಂಕಿಗಳು ಲೆಕ್ಕ ಹೇಗೆ ನಡೆಯುತ್ತದೆ ಎಂದು ತೋರಿಸಲು.

ತಂದ ದೂರು ಒಂದೇ ಸಾಲಿನದು: "ರೊಟ್ಟಿ ಬಿಟ್ಟು ಎಂಟ ತಿಂಗಳಾತ್ರಿ, ತೂಕ ಮಾತ್ರ ಇಳಿವಲ್ದು." ಅದರ ಹಿಂದೆ ಮೊಣಕಾಲು ನೋವು, ಮಾಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆ ನಾಲ್ಕಕ್ಕೆ ಕಣ್ಣು ಎಳೆಯುವ ದಣಿವು. ಖಾಲಿ ಹೊಟ್ಟೆಗೆ ಜೀರಿಗೆ ನೀರು, ಲಿಂಬೆ-ಜೇನು, ಹೊಟ್ಟೆಗೆ ಕಟ್ಟುವ ಬೆವರಿನ ಬೆಲ್ಟ್, ಎಲ್ಲ ಆಗಿತ್ತು. ಜೇನು ಒಂದು ದೊಡ್ಡ ಚಮಚಕ್ಕೆ 60 ಕ್ಯಾಲರಿ, ಅಂದರೆ ಅದೂ ಒಂದು ತಿನಿಸೇ. ಬೆಲ್ಟ್ ಇಳಿಸುವುದು ನೀರನ್ನು. ಎರಡು ಲೋಟ ಕುಡಿದರೆ ತಿರುಗಿ ಬರುತ್ತದೆ.

ಮೊದಲು ಅಳತೆ

ವ್ಯಾಯಾಮ ಹೇಳುವ ಮೊದಲು ವೈದ್ಯರ ಹತ್ತಿರ ಕಳಿಸಲಾಯಿತು. ಬಂದ ಅಂಕಿಗಳು ಹೀಗಿದ್ದವು. ಬಿಎಂಐ (ಎತ್ತರಕ್ಕೆ ತೂಕ ಎಷ್ಟೆಂದು ಹೇಳುವ ಅಳತೆ) 33. ಭಾರತೀಯರಿಗೆ 23ರ ಮೇಲೆ ಅಧಿಕ ತೂಕ, 25ರಿಂದ ಬೊಜ್ಜು ಎಂದು ಲೆಕ್ಕ, ಏಕೆಂದರೆ ನಮ್ಮವರಲ್ಲಿ ಕಡಿಮೆ ತೂಕಕ್ಕೇ ಹೊಟ್ಟೆಯೊಳಗೆ ಕೊಬ್ಬು ಸೇರುತ್ತದೆ. ಸೊಂಟದ ಸುತ್ತಳತೆ 98 ಸೆಂ.ಮೀ.; ಹೆಂಗಸರಿಗೆ 80 ಮಿತಿ. ಬಿಪಿ 138/88. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 6.1. ಇದು 5.7ರಿಂದ 6.4ರ ನಡುವೆ ಇದ್ದರೆ ಮಧುಮೇಹದ ಹೊಸ್ತಿಲು, 6.5ರಿಂದ ಮಧುಮೇಹ. ಥೈರಾಯ್ಡ್ ಸರಿಯಿತ್ತು. ಹಿಮೋಗ್ಲೋಬಿನ್ 10.4.

ಈ ಕೊನೆಯ ಅಂಕಿಯನ್ನು ದಾಟಿ ಹೋಗುವವರೇ ಹೆಚ್ಚು. ಏದುಸಿರಿಗೆಲ್ಲ ತೂಕವೇ ಕಾರಣ ಎಂದು ಹೇಳಿ ನಡೆಸಲು ಶುರು ಮಾಡಿದರೆ, ಇಂಥವರು ಎರಡನೇ ವಾರಕ್ಕೇ ಸೋತು ಕೂರುತ್ತಾರೆ. ಆಮೇಲೆ "ಆಕೀಗೆ ಹಟ ಇಲ್ಲ" ಎಂಬ ಮಾತು ಬೇರೆ. ರಕ್ತದಲ್ಲಿ ಆಮ್ಲಜನಕ ಹೊರುವ ಸರಕೇ ಕಡಿಮೆಯಿದ್ದಾಗ ಹಟ ಏನು ಮಾಡೀತು? ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತಿದೆಯೇ ಎಂದು ವೈದ್ಯರು ವಿಚಾರಿಸಿ, ಕಬ್ಬಿಣದ ಗುಳಿಗೆ ಬರೆದುಕೊಟ್ಟರು. ಇಲ್ಲಿ ಒಂದು ಅಡ್ಡಿ ಇತ್ತು. ಊಟವಾದ ಕೂಡಲೇ ಚಾ ಕುಡಿಯುವ ರೂಢಿ. ಚಾದಲ್ಲಿನ ಒಗರು ಅಂಶ ಕಬ್ಬಿಣವನ್ನು ಹಿಡಿದಿಟ್ಟು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಗುಳಿಗೆಗೂ ಊಟಕ್ಕೂ ಚಾಕ್ಕೂ ನಡುವೆ ಒಂದು ತಾಸು ಅಂತರ, ಗುಳಿಗೆ ಜೊತೆ ಲಿಂಬೆ ಹಿಂಡಿದ ನೀರು. ನಾಲ್ಕು ತಿಂಗಳಿಗೆ ಹಿಮೋಗ್ಲೋಬಿನ್ 12.1ಕ್ಕೆ ಬಂತು.

ತೂಕದ ಯಂತ್ರದ್ದೂ ಒಂದು ತಕರಾರು. ಮನೆಯ ನೆಲ ಶಹಾಬಾದಿ ಕಲ್ಲಿನದು, ಕಲ್ಲಿಗೂ ಕಲ್ಲಿಗೂ ಏರುತಗ್ಗು. ಅದೇ ಯಂತ್ರ ಅಡುಗೆಮನೆಯಲ್ಲಿ 77.6 ತೋರಿಸಿ ಪಡಸಾಲೆಯಲ್ಲಿ 78.7 ತೋರಿಸುತ್ತಿತ್ತು. ಬಚ್ಚಲ ಮುಂದಿನ ಟೈಲ್ಸ್ ಮೇಲೆ ಒಂದು ಜಾಗಕ್ಕೆ ಸುಣ್ಣದಲ್ಲಿ ಗುರುತು ಹಾಕಿ, ಮುಂಜಾನೆ ಸಂಡಾಸಕ್ಕೆ ಹೋಗಿ ಬಂದ ಮೇಲೆ, ಚಾಕ್ಕಿಂತ ಮೊದಲು, ಅಲ್ಲಿಯೇ ನಿಂತು ದಿನಾ ತೂಗಿ, ಏಳು ದಿನದ ಸರಾಸರಿ ಮಾತ್ರ ನೋಡುವುದೆಂದು ಗೊತ್ತು ಮಾಡಲಾಯಿತು. ಒಂದು ದಿನದ ತೂಕ ಒಂದೂವರೆ ಕಿಲೊ ಹೆಚ್ಚುಕಡಿಮೆ ಆಡುತ್ತದೆ. ಅದರ ಮೇಲೆ ನಗುವುದೂ ಅಳುವುದೂ ವ್ಯರ್ಥ.

ಸೊಂಟದ ಅಳತೆ ದರ್ಜಿಗೆ ಹೇಳಿಕೊಡಬೇಕೇ ಅನಿಸಬಹುದು. ಬೇಕಾಯಿತು. ಹೊಲಿಗೆಯ ಕೈ ಟೇಪಿನೊಳಗೆ ಎರಡು ಬೆರಳು ಬಿಟ್ಟು ಅಳೆಯುತ್ತದೆ, ಲೂಸ್ ಬೇಕಲ್ಲ. ಜೊತೆಗೆ ಹತ್ತು ವರ್ಷ ಎಳೆದೆಳೆದು ಹಿಗ್ಗಿದ ಟೇಪು. ಸ್ಟೀಲ್ ಪಟ್ಟಿಯ ಪಕ್ಕ ಇಟ್ಟು ನೋಡಿದಾಗ ಒಂದು ಮೀಟರಿಗೆ ಒಂದೂವರೆ ಸೆಂ.ಮೀ. ತಪ್ಪು. ಹೊಸ ಟೇಪು ತಂದು, ಕೆಳಪಕ್ಕೆಗೂ ಸೊಂಟದ ಮೂಳೆಯ ಮೇಲ್ತುದಿಗೂ ನಟ್ಟನಡುವೆ, ಉಸಿರು ಬಿಟ್ಟ ಕೊನೆಗೆ, ಬೆರಳು ಬಿಡದೆ ಅಳೆದದ್ದು 98.

ಲೆಕ್ಕ ಎಲ್ಲಿ ತಪ್ಪಿತ್ತು

ಮೊದಲ ದಿನ ಬಾಯಲ್ಲಿ ಹೇಳಿದ ಊಟ ಕೂಡಿಸಿದರೆ 1200 ಕ್ಯಾಲರಿಯೂ ಆಗುವುದಿಲ್ಲ. ಈ ಎತ್ತರ, ತೂಕ, ವಯಸ್ಸಿನ ಹೆಂಗಸಿಗೆ ಸುಮ್ಮನೆ ಮಲಗಿದ್ದರೂ ದೇಹ ನಡೆಸಲು ಬೇಕಾಗುವುದೇ 1375ರಷ್ಟು. (ತೂಕ ಕಿಲೊದಲ್ಲಿ 10 ಪಟ್ಟು, ಎತ್ತರ ಸೆಂ.ಮೀ.ನಲ್ಲಿ 6.25 ಪಟ್ಟು, ಎರಡೂ ಕೂಡಿಸಿ, ವಯಸ್ಸಿನ 5 ಪಟ್ಟು ಕಳೆದು, ಹೆಂಗಸರಿಗೆ ಮತ್ತೆ 161 ಕಳೆಯುವ ಸೂತ್ರ.) ಮನೆಗೆಲಸ, ಹೊಲಿಗೆ ಸೇರಿಸಿ 1.4ರಿಂದ ಗುಣಿಸಿದರೆ 1925. ತೂಕ ಏರದೆ ಇಳಿಯದೆ ನಿಂತಿದೆ ಎಂದರೆ ಹೊಟ್ಟೆಗೆ ಹೋಗುತ್ತಿರುವುದೂ ಅಷ್ಟೇ. ಹಾಗಾದರೆ ಏಳುನೂರು ಕ್ಯಾಲರಿ ಎಲ್ಲಿ ಅಡಗಿತ್ತು?

ಸುಳ್ಳು ಹೇಳಿದ್ದರು ಎಂದಲ್ಲ. ಗಂಗಾಳದಲ್ಲಿ ಬಡಿಸಿಕೊಂಡದ್ದನ್ನು ಮಾತ್ರ ಊಟ ಎಂದು ಹೇಳಿದ್ದರು.

ಚಾ ದಿನಕ್ಕೆ ಆರು ಸಲ. ಎದ್ದ ಕೂಡಲೇ, ನಾಷ್ಟಾ ಜೊತೆ, ಹನ್ನೊಂದಕ್ಕೆ, ಊಟದ ಮೇಲೆ, ನಾಲ್ಕಕ್ಕೆ, ಗಿರಾಕಿ ಬಂದಾಗ. ಎಮ್ಮೆ ಹಾಲು 50 ಮಿ.ಲೀ., ಸಕ್ಕರೆ ಎರಡು ಸಣ್ಣ ಚಮಚ. ಒಂದಕ್ಕೆ 80ರಿಂದ 85 ಕ್ಯಾಲರಿ, ಆರಕ್ಕೆ 500. ನಾಲ್ಕಕ್ಕೆ ಚಾ ಜೊತೆ ಎರಡು ಹಿಡಿ ಚೂಡಾ, ಇಲ್ಲವೇ ಚುರುಮುರಿ ಸೂಸಲಾ: 200. ಹಿಂಡಿ (ಚಟ್ನಿಪುಡಿ) ಮೇಲೆ ಸುರಿಯುವ ಹಸಿ ಎಣ್ಣೆ, ಉಪ್ಪು ಖಾರ ನೋಡಲು ಬಾಯಿಗೆ ಹಾಕುವ ಪಲ್ಯ, ಮಗಳು ಗಂಗಾಳದಲ್ಲಿ ಬಿಟ್ಟ ಅನ್ನ, ಇವಕ್ಕೆ ಲೆಕ್ಕವೇ ಇರಲಿಲ್ಲ.

ಮತ್ತೆ ಎಣ್ಣೆ. ಒಬ್ಬರ ಊಟದಲ್ಲಿ ಎಣ್ಣೆ ಎಷ್ಟೆಂದು ಕಣ್ಣಳತೆಯಲ್ಲಿ ಹೇಳಲು ಯಾರಿಗೂ ಆಗದು. ಮನೆಗೆ ತಿಂಗಳಿಗೆ ಎಷ್ಟು ಲೀಟರ್ ಬರುತ್ತದೆ ಎಂದು ಕೇಳಬೇಕು. ಇಲ್ಲಿ ಎಂಟು ಲೀಟರ್ ಶೇಂಗಾ ಎಣ್ಣೆ. ಏಳು ಮಂದಿಗೆ, ಮೂವತ್ತು ದಿನಕ್ಕೆ ಭಾಗಿಸಿದರೆ ತಲೆಗೆ ದಿನಕ್ಕೆ 38 ಮಿ.ಲೀ.; ಕ್ಯಾಲರಿ 310. ಎರಡು ರೊಟ್ಟಿಗಿಂತ ಹೆಚ್ಚು!

ಈಗ ರೊಟ್ಟಿಯ ಮಾತು. ಮಧ್ಯಮ ಗಾತ್ರದ ಒಂದು ಜೋಳದ ರೊಟ್ಟಿಗೆ 45 ಗ್ರಾಂ ಹಿಟ್ಟು, ಸುಮಾರು 150 ಕ್ಯಾಲರಿ, ನಾಲ್ಕೂವರೆ ಗ್ರಾಂ ಪ್ರೋಟೀನ್, ಜೊತೆಗೆ ನಾರು. ಬಿಸಿ ನೀರಲ್ಲಿ ನಾದಿ, ತಟ್ಟಿ, ನೀರು ಹಚ್ಚಿ ಬೇಯಿಸುವ ಪದಾರ್ಥಕ್ಕೆ ಎಣ್ಣೆಯ ಸೋಂಕೇ ಇಲ್ಲ. ಎರಡು ರೊಟ್ಟಿ ಬಿಟ್ಟು ಅದರ ಜಾಗಕ್ಕೆ ಬಂದದ್ದು ಒಂದು ಗಂಗಾಳ ಅನ್ನ. ಬೆಂದ ಅನ್ನ 250 ಗ್ರಾಂ ಎಂದರೆ 320 ಕ್ಯಾಲರಿ. ಉಳಿಸಿದ್ದು ಏನೂ ಇಲ್ಲ. ಕಳೆದುಕೊಂಡದ್ದು ಇದೆ: ರೊಟ್ಟಿ ಅಗಿಯಬೇಕು, ಹೊತ್ತು ಹಿಡಿಯುತ್ತದೆ, ಹೊಟ್ಟೆಯಲ್ಲಿ ನಿಲ್ಲುತ್ತದೆ. ಅನ್ನ-ಸಾರು ಆರು ನಿಮಿಷಕ್ಕೆ ಮುಗಿದು, ಎರಡು ತಾಸಿಗೆ ಚೂಡಾ ಡಬ್ಬಿ ಕರೆಯುತ್ತದೆ. ರೊಟ್ಟಿ ಬಿಟ್ಟದ್ದೇ ಸಂಜೆಯ ಹಸಿವಿನ ಬೇರು ಎಂದು ನಮ್ಮ ತೀರ್ಮಾನ. ಜೋಳ ಬೆಳೆಯುವ ನಾಡಿನಲ್ಲಿ ಡಯಟ್ ಎಂದ ಕೂಡಲೇ ಮೊದಲ ಕತ್ತಿ ರೊಟ್ಟಿಯ ಮೇಲೆ ಬೀಳುವುದು ವಿಚಿತ್ರವೇ ಸರಿ.

ಗಂಗಾಳ ಬದಲಾದದ್ದು

ಗುರಿ 1600 ಕ್ಯಾಲರಿ, ಪ್ರೋಟೀನ್ 70 ಗ್ರಾಂ ಆಸುಪಾಸು. ಅದಕ್ಕಿಂತ ಕೆಳಗೆ ಇಳಿಸಲಿಲ್ಲ. ರಕ್ತ ಕಡಿಮೆಯಿರುವವರನ್ನು ಸಾವಿರ ಕ್ಯಾಲರಿಗೆ ಇಳಿಸಿದರೆ ಮೂರು ವಾರ ಯಂತ್ರದ ಮುಳ್ಳು ಕುಣಿಯುತ್ತದೆ, ಆಮೇಲೆ ಕೂದಲು ಉದುರುತ್ತದೆ, ಸ್ನಾಯು ಕರಗುತ್ತದೆ, ಒಂದು ದಿನ ರಾತ್ರಿ ಹತ್ತಕ್ಕೆ ಡಬ್ಬಿ ಖಾಲಿಯಾಗುತ್ತದೆ.

ದಿನದ ಸರಕು ಇಷ್ಟು. ಮೂರು ಜೋಳದ ರೊಟ್ಟಿ: ಮಧ್ಯಾಹ್ನ ಎರಡು, ರಾತ್ರಿ ಒಂದು. ಕಾಳು 80 ಗ್ರಾಂ, ಒಣಗಿದ್ದಾಗ ತೂಗಿದ್ದು, ಎರಡು ಹೊತ್ತಿಗೆ ಹಂಚಿ: ಮಡಕಿ, ಅಲಸಂದಿ, ಕಡಲೆ, ತೊಗರಿಬೇಳೆ, ಯಾವುದಾದರೂ. ಮುಂಜಾನೆ ಅವಲಕ್ಕಿಯ ಬದಲು ಮೊಳಕೆ ಬಂದ ಹೆಸರು (ಒಣ ತೂಕ 30 ಗ್ರಾಂ), ಸವತೆಕಾಯಿ, ಉಳ್ಳಾಗಡ್ಡಿ, ಲಿಂಬೆ. ಕೆನೆ ತೆಗೆದ ಹಾಲಿನ ಮೊಸರು 200 ಗ್ರಾಂ. ಸೋಯಾ ವಡಿ 25 ಗ್ರಾಂ. ಇದೊಂದರಿಂದಲೇ 13 ಗ್ರಾಂ ಪ್ರೋಟೀನ್. ಶೇಂಗಾ 15 ಗ್ರಾಂ, ಹಿಂಡಿಯ ರೂಪದಲ್ಲಾದರೂ ಸರಿ. ಪುಂಡಿ, ಮೆಂತೆ, ಹತ್ತರಕಿ, ಬದನೆ, ಹೀರೆ ಎಷ್ಟಾದರೂ. ಒಂದು ಪೇರಲ ಅಥವಾ ಮೋಸಂಬಿ. ಚಾ ಮೂರು, ಒಂದೊಂದು ಚಮಚ ಸಕ್ಕರೆ. ಎಣ್ಣೆ ನಾಲ್ಕು ಸಣ್ಣ ಚಮಚ, 20 ಮಿ.ಲೀ.

ಸೋಯಾ ವಡಿ ಈ ಮನೆಗೆ ಹೊಸದು. ಮೊದಲ ಸಲ ಯಾರಿಗೂ ಸೇರಲಿಲ್ಲ: "ರಬ್ಬರ್ ತಿಂದಂಗ ಆಗ್ತೈತಿ" ಎಂದರು ಮಾವ. ತಪ್ಪು ಮಾಡಿದ್ದು ಹೀಗೆ: ನೆನೆಸಿ ಹಾಗೇ ಸಾರಿಗೆ ಹಾಕಿದ್ದರು. ಉಪ್ಪು ಹಾಕಿದ ಕುದಿಯುವ ನೀರಲ್ಲಿ ಐದು ನಿಮಿಷ ಬೇಯಿಸಿ, ಹಿಂಡಿ, ತಣ್ಣೀರಲ್ಲಿ ತೊಳೆದು ಮತ್ತೆ ಗಟ್ಟಿಯಾಗಿ ಹಿಂಡಿದರೆ ಆ ಹಸಿ ವಾಸನೆ ಹೋಗುತ್ತದೆ. ಆಮೇಲೆ ಕೈಯಲ್ಲಿ ಚೂರು ಮಾಡಿ ಝುಣಕದ ಒಗ್ಗರಣೆಯಲ್ಲಿ ಹುರಿದು ಕಡಲೆ ಹಿಟ್ಟು ಕಲಸುವುದು. ಎರಡನೇ ಸಲ ಮಾವನಿಗೆ ಗೊತ್ತೇ ಆಗಲಿಲ್ಲ.

ಎಣ್ಣೆ ಇಳಿಸಿದ್ದು ಒಂದೇ ದಿನಕ್ಕಲ್ಲ. ಒಬ್ಬರಿಗಾಗಿ ಬೇರೆ ಪಾತ್ರೆ ಇಡುವ ಯೋಜನೆ ಕೂಡು ಕುಟುಂಬದಲ್ಲಿ ಹತ್ತು ದಿನ ಬಾಳುವುದಿಲ್ಲ. ಇಡೀ ಮನೆಯ ಎಣ್ಣೆಯೇ ಇಳಿಯಬೇಕು. ಡಬ್ಬಿಯಿಂದ ನೇರ ಬಾಣಲೆಗೆ ಸುರಿಯುವುದು ನಿಂತು, ಎಣ್ಣೆ ಪಾತ್ರೆಗೆ 5 ಮಿ.ಲೀ. ಚಮಚ ಬಂತು. ಏಳು ಮಂದಿಯ ಪಲ್ಯದ ಒಗ್ಗರಣೆಗೆ ಮೂರು ಚಮಚ ಸಾಕು. ಎಣ್ಣೆಗಾಯಿ ಕಷ್ಟ, ಹೆಸರಲ್ಲೇ ಎಣ್ಣೆ ಇದೆ. ಅದಕ್ಕೆ ದಪ್ಪ ತಳದ ಪಾತ್ರೆ, ಆರು ಚಮಚ ಎಣ್ಣೆ, ತುಂಬಿದ ಬದನೆಕಾಯಿ ಒಂದು ಸುತ್ತು ಹೊರಳಿಸಿ, ನೀರು ಚಿಮುಕಿಸಿ, ತಾಟು ಮುಚ್ಚಿ ತಾಟಿನ ಮೇಲೂ ನೀರು ಹಾಕಿ, ಸಣ್ಣ ಉರಿಯಲ್ಲಿ ಹದಿನೈದು ನಿಮಿಷ. ಶೇಂಗಾ ಪುಡಿ ತಾನೇ ಎಣ್ಣೆ ಬಿಡುತ್ತದೆ, ಕೊನೆಗೆ ಮೇಲೆ ತೇಲುವುದು ಅದೇ. ಹಿಂಡಿಗೆ ಹಸಿ ಎಣ್ಣೆಯ ಬದಲು ಗಟ್ಟಿ ಮೊಸರು. ಮೊದಲ ತಿಂಗಳು ಎಂಟು ಲೀಟರ್ ಆರಕ್ಕೆ, ಮೂರನೇ ತಿಂಗಳಿಗೆ ನಾಲ್ಕೂವರೆಗೆ ಬಂತು. ಡಬ್ಬಿಯ ಮೈಮೇಲೆ ವಾರವಾರ ಪೆನ್ನಿನಿಂದ ಗೆರೆ.

ಹಿಟ್ಟು, ಕಾಳು, ಶೇಂಗಾ ತೂಗಲು ಅಡುಗೆ ತಕ್ಕಡಿ ಬಳಸಿದ್ದು ಮೊದಲ ಎರಡು ವಾರ ಮಾತ್ರ. ಕೈಗೆ ಅಂದಾಜು ಸಿಗುವವರೆಗೆ ಸಾಕು. ಜನ್ಮವಿಡೀ ತೂಗಿ ಉಣ್ಣುವುದು ಬದುಕಲ್ಲ.

ನಡಿಗೆ, ಹಿಮ್ಮಡಿ

ನವನಗರ ಆಲಮಟ್ಟಿ ಹಿನ್ನೀರಿನಿಂದಾಗಿ ಹೊಸದಾಗಿ ಕಟ್ಟಿದ ಊರು. ಸೆಕ್ಟರ್ ಸೆಕ್ಟರ್ ಆಗಿ ಗೆರೆ ಎಳೆದಂಥ ರಸ್ತೆಗಳು, ನಡೆಯುವವರಿಗೆ ಹಳೇ ಊರಿನ ಓಣಿಗಿಂತ ಅನುಕೂಲ. ಆದರೆ ಬಿಸಿಲು ಬಿಸಿಲೇ. ಹೊತ್ತು ಮುಂಜಾನೆ 5.45ರಿಂದ, ರಾತ್ರಿ ಊಟದ ಮೇಲೆ ಹತ್ತು ನಿಮಿಷ. ಉಂಡ ಮೇಲಿನ ಆ ಹತ್ತು ನಿಮಿಷ ಊಟದ ಸಕ್ಕರೆಯನ್ನು ಕಾಲಿನ ಸ್ನಾಯು ಎಳೆದುಕೊಳ್ಳಲು. ಎಚ್‌ಬಿಎ1ಸಿ ಹೊಸ್ತಿಲ ಮೇಲಿರುವವರಿಗೆ ಇದು ಅಗ್ಗದ ಔಷಧ.

ಮುಂಜಾನೆಯ ನಡಿಗೆ ಮೊದಲ ಮೂರು ವಾರ ಹನ್ನೆರಡು ನಿಮಿಷ. ವೇಗದ ಅಳತೆಗೆ ಗಡಿಯಾರ ಬೇಡ: ಮಾತಾಡಲು ಬರಬೇಕು, ಹಾಡಲು ಬರಬಾರದು. ಆಮೇಲೆ ವಾರಕ್ಕೆ ಐದು ನಿಮಿಷದಂತೆ ಏರಿಸಬೇಕೆಂದು ಹೇಳಿತ್ತು. ನಾಲ್ಕನೇ ವಾರಕ್ಕೆ 1.8 ಕಿಲೊ ಇಳಿದದ್ದು ಕಂಡು ಹುರುಪು ಬಂತು. ಅದರಲ್ಲಿ ಅರ್ಧದಷ್ಟು ನೀರು; ಅನ್ನ, ಸಕ್ಕರೆ, ಉಪ್ಪು ಇಳಿದಾಗ ಮೊದಲು ಹೋಗುವುದು ಅದೇ. ಐದನೇ ವಾರ ಇವರು ಒಮ್ಮೆಲೇ ಒಂದು ತಾಸು ನಡೆದರು, ಕಾಲಲ್ಲಿ ಹವಾಯಿ ಚಪ್ಪಲಿ. ನಾಲ್ಕನೇ ದಿನಕ್ಕೆ ಎದ್ದು ನೆಲಕ್ಕೆ ಕಾಲಿಟ್ಟರೆ ಹಿಮ್ಮಡಿಯಲ್ಲಿ ಮೊಳೆ ಚುಚ್ಚಿದಂತೆ.

ಅಂಗಾಲಿನ ಕೆಳಗೆ ಹಿಮ್ಮಡಿಯಿಂದ ಬೆರಳವರೆಗೆ ಹೋಗುವ ಪಟ್ಟಿಯ ಉರಿಯೂತ ಇದು. ಮುಂಜಾನೆಯ ಮೊದಲ ಹತ್ತು ಹೆಜ್ಜೆ ವಿಪರೀತ ನೋವು, ನಡೆದಂತೆ ಕಡಿಮೆ, ಇದೇ ಗುರುತು. ಪೂರ್ತಿ ನಿಲ್ಲಿಸಲಿಲ್ಲ. ನಡಿಗೆ ಇಪ್ಪತ್ತು ನಿಮಿಷಕ್ಕೆ ಇಳಿಸಿ, ಹಿಮ್ಮಡಿಗೆ ಮೆತ್ತೆಯಿರುವ, ನಡುವೆ ಮಡಚದ ಬೂಟು ಹಾಕಿಸಲಾಯಿತು. ಸೀರೆಗೆ ಬೂಟೇ ಎಂಬ ಸಂಕೋಚ ಎರಡು ದಿನ ಇತ್ತು. ಹಾಸಿಗೆಯಿಂದ ಏಳುವ ಮೊದಲು ಟವೆಲ್ ಅಂಗಾಲಿಗೆ ಸುತ್ತಿ ತನ್ನ ಕಡೆ ಎಳೆದು 30 ಸೆಕೆಂಡು, ಮೂರು ಸಲ. ಗೋಡೆಗೆ ಕೈಯೂರಿ ಮೀನಖಂಡ ಹಿಗ್ಗಿಸುವುದು ಅಷ್ಟೇ ಸಲ. ಸಂಜೆ ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿದ ನೀರಿನ ಬಾಟಲಿ ಅಂಗಾಲ ಕೆಳಗೆ ಐದು ನಿಮಿಷ ಹೊರಳಿಸುವುದು. ಮನೆಯೊಳಗೂ ಶಹಾಬಾದಿ ಕಲ್ಲಿನ ಮೇಲೆ ಬರಿಗಾಲು ಬೇಡ, ಮೆತ್ತನೆಯ ಚಪ್ಪಲಿ. ಐದು ವಾರಕ್ಕೆ ತಹಬಂದಿಗೆ ಬಂತು. ಬೂಟು ಮೊದಲ ದಿನವೇ ಕೊಂಡಿದ್ದರೆ ಐದು ವಾರ ಉಳಿಯುತ್ತಿತ್ತು. ಇದನ್ನು ಮೊದಲೇ ಒತ್ತಿ ಹೇಳದ್ದು ಯೋಜನೆ ಹಾಕಿದವರ ತಪ್ಪು.

ನಡಿಗೆಯಿಂದ ಎಷ್ಟು ಕರಗುತ್ತದೆ ಎಂಬ ಭ್ರಮೆಯೂ ಬೇಡ. 75 ಕಿಲೊ ತೂಕದವರು ಅರ್ಧ ತಾಸು ಬಿರುಸಾಗಿ ನಡೆದರೆ ಹೆಚ್ಚುವರಿಯಾಗಿ ಖರ್ಚಾಗುವುದು 90ರಿಂದ 100 ಕ್ಯಾಲರಿ. ನಡಿಗೆ ಮುಗಿಸಿ ಬರುವಾಗ ಗಾಡಿಯ ಹತ್ತಿರ ಒಂದು ಮಿರ್ಚಿ ಭಜಿ ತಿಂದರೆ ಆ ಲೆಕ್ಕ ಚುಕ್ತಾ. ತೂಕ ಇಳಿಯುವುದು ಬಹುಪಾಲು ಅಡುಗೆಮನೆಯಲ್ಲಿ. ನಡಿಗೆ ಬಿಪಿಗೆ, ಸಕ್ಕರೆಗೆ, ನಿದ್ರೆಗೆ, ಇಳಿದದ್ದು ತಿರುಗಿ ಏರದಂತೆ ಹಿಡಿಯುವುದಕ್ಕೆ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು. ಇವರು ಹನ್ನೆರಡನೇ ವಾರಕ್ಕೆ 210 ನಿಮಿಷ ಮುಟ್ಟಿದರು.

ಮೊಬೈಲಿನ ಹೆಜ್ಜೆ ಲೆಕ್ಕ ಮೊದಲ ವಾರ 2,900 ತೋರಿಸಿತ್ತು. ಫೋನು ದಿನವೆಲ್ಲ ಮಷಿನ್ ಮೇಲೆಯೇ ಇರುತ್ತಿತ್ತು, ಹಾಗಾಗಿ ಆ ಅಂಕಿ ನಂಬಲರ್ಹವಲ್ಲ. ದರ್ಜಿಗೆ ಏನು ಕಷ್ಟ, ಉಳಿದ ಬಟ್ಟೆಯಲ್ಲಿ ಸೊಂಟದ ಚೀಲ ಹೊಲಿದುಕೊಂಡರು. ನಿಜವಾದ ಅಂಕಿ 4,100 ಎಂದು ಗೊತ್ತಾಯಿತು.

ಭಾರ ಎತ್ತುವುದು

ಹೆಂಗಸರ ತೂಕ ಇಳಿಕೆಯಲ್ಲಿ ಎಲ್ಲರೂ ಬಿಡುವ ಭಾಗ ಇದೇ. ಕ್ಯಾಲರಿ ಕಡಿಮೆಯಾದಾಗ ದೇಹ ಕೊಬ್ಬಿನ ಜೊತೆ ಸ್ನಾಯುವನ್ನೂ ಕರಗಿಸುತ್ತದೆ. ಸ್ನಾಯುವಿಗೆ ಕೆಲಸ ಕೊಟ್ಟು, ಪ್ರೋಟೀನ್ ಕೊಟ್ಟರೆ ಮಾತ್ರ ಅದು ಉಳಿಯುತ್ತದೆ. ಮೊಣಕಾಲು ನೋವಿಗೂ ಮದ್ದು ತೊಡೆಯ ಬಲವೇ. ಜಿಮ್ ಬೇಕಾಗಲಿಲ್ಲ. ಸೋಮವಾರ, ಬುಧವಾರ, ಶುಕ್ರವಾರ, 25 ನಿಮಿಷ.

ಕುರ್ಚಿಯಿಂದ ಏಳುವುದು ಮೊದಲನೆಯದು. ಕುರ್ಚಿ ಮೇಲೆ ದಿಂಬು ಇಟ್ಟು ಎತ್ತರ 50 ಸೆಂ.ಮೀ. ಮಾಡಿ, ಕೈ ಎದೆ ಮೇಲೆ ಕಟ್ಟಿ, ಎರಡು ಸೆಕೆಂಡಿಗೆ ಏಳುವುದು, ಮೂರು ಸೆಕೆಂಡಿಗೆ ಕೂರುವುದು. ಎಂಟು ಸಲ, ಎರಡು ಸುತ್ತು. ಧೊಪ್ಪನೆ ಬಿದ್ದು ಕೂತರೆ ಅರ್ಧ ಲಾಭ ಹೋಯಿತು. ಮೊಣಕಾಲು ಒಳಕ್ಕೆ ವಾಲಬಾರದು, ಎರಡನೇ ಬೆರಳಿನ ನೇರಕ್ಕೆ ಇರಬೇಕು. ಏಳುವಾಗ ಉಸಿರು ಬಿಡಬೇಕು. ಬಿಗಿಹಿಡಿದರೆ ಬಿಪಿ ಆ ಗಳಿಗೆಗೆ ಜಿಗಿಯುತ್ತದೆ, 138 ಇರುವವರಿಗೆ ಅದು ಬೇಡ. ಆರನೇ ವಾರಕ್ಕೆ ದಿಂಬು ತೆಗೆದು, ಹತ್ತನೇ ವಾರಕ್ಕೆ ಮಗಳ ಶಾಲೆ ಚೀಲದಲ್ಲಿ ಎರಡು ಕಿಲೊ ಜೋಳ ಹಾಕಿ ಬೆನ್ನಿಗೆ.

ಗೋಡೆಗೆ ಕೈಯೂರಿ ದೂಡುವುದು, ಆಮೇಲೆ ಕಟ್ಟೆಗೆ. ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತುವುದು, ಮೇಲೆ ಎರಡು ಸೆಕೆಂಡು ನಿಲ್ಲಿಸಿ. ಒಂದು ಮೆಟ್ಟಿಲು ಹತ್ತಿ ಇಳಿಯುವುದು, ಇಳಿಯುವಾಗ ನಿಧಾನ. ಇನ್ನೊಂದು: ಐದು ಲೀಟರ್ ಎಣ್ಣೆಯ ಖಾಲಿ ಡಬ್ಬಿಯಲ್ಲಿ ನೀರು ತುಂಬಿ, ಸೊಂಟದಲ್ಲಿ ಬಾಗಿ, ಬೆನ್ನು ನೆಟ್ಟಗಿಟ್ಟು, ಮೊಣಕೈ ಹಿಂದಕ್ಕೆ ಹೋಗುವಂತೆ ಎಳೆಯುವುದು. ದಿನವೆಲ್ಲ ಮಷಿನ್ ಮೇಲೆ ಬಗ್ಗುವವರ ಭುಜಕ್ಕೆ ಇದರಷ್ಟು ಒಳ್ಳೆಯದು ಬೇರೆ ಇಲ್ಲ. ಕುತ್ತಿಗೆ ನೋವು ಹೋದದ್ದು ಇದರಿಂದ. ಏರಿಸುವ ನಿಯಮ ಸರಳ: ಕೊನೆಯ ಸುತ್ತಿನಲ್ಲಿ ಹೇಳಿದ್ದಕ್ಕಿಂತ ಎರಡು ಹೆಚ್ಚು ಮಾಡಲು ಎರಡು ದಿನ ಸತತ ಸಾಧ್ಯವಾದರೆ ಭಾರ ಏರಿಸುವುದು, ಇಲ್ಲದಿದ್ದರೆ ಅಷ್ಟಕ್ಕೇ ಇರುವುದು. ಸ್ನಾಯು ಎರಡು ದಿನ ಜಿಗಿಬಿಗಿ ಇರುವುದು ಸಹಜ. ಕೀಲಿನೊಳಗೆ ಚುಚ್ಚುವ ನೋವು, ಎದೆ ಒತ್ತಿದಂತಾಗುವುದು, ಕಣ್ಣು ಕತ್ತಲೆ ಬರುವುದು, ಇವುಗಳಲ್ಲಿ ಒಂದಾದರೂ ಅಲ್ಲೇ ನಿಲ್ಲಿಸಬೇಕು. ಸಕ್ಕರೆಗೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಈ ಪಟ್ಟಿಯನ್ನು ಹಾಗೇ ಎತ್ತಿಕೊಳ್ಳಕೂಡದು. ಊಟ ಇಳಿದರೆ ಔಷಧದ ಪ್ರಮಾಣವೂ ವೈದ್ಯರ ಕೈಯಲ್ಲಿ ಬದಲಾಗಬೇಕು, ಇಲ್ಲದಿದ್ದರೆ ಸಕ್ಕರೆ ಕುಸಿಯುತ್ತದೆ.

ಹಬ್ಬಗಳು

ಜುಲೈ ಮೊದಲ ವಾರ ಶುರು ಮಾಡಿದ್ದರಿಂದ ಆರನೇ ವಾರಕ್ಕೇ ನಾಗರ ಪಂಚಮಿ ಎದುರಾಯಿತು. ಈ ಸೀಮೆಯಲ್ಲಿ ಪಂಚಮಿ ಎಂದರೆ ಉಂಡಿ: ಶೇಂಗಾ, ಎಳ್ಳು, ಬೇಸನ್, ರವೆ, ಅಳ್ಳಿಟ್ಟು. ಡಬ್ಬಿ ಡಬ್ಬಿ ಕಟ್ಟಿಟ್ಟು ಹದಿನೈದು ದಿನ ತಿನ್ನುವ ಹಬ್ಬ. 40 ಗ್ರಾಮಿನ ಒಂದು ಶೇಂಗಾ ಉಂಡಿಗೆ 190 ಕ್ಯಾಲರಿಗೆ ಕಡಿಮೆಯಿಲ್ಲ. "ಹಬ್ಬದಾಗೂ ಬ್ಯಾಡ ಅಂದ್ರ ಹ್ಯಾಂಗವಾ, ಒಂದ್ ತಿಂದ್ರ ಏನಾಗೂದಿಲ್ಲ" ಎಂದು ಅತ್ತೆ. ಅತ್ತೆ ಹೇಳಿದ್ದು ಸರಿಯೇ, ಒಂದಕ್ಕೆ ಏನೂ ಆಗುವುದಿಲ್ಲ. ಆದ್ದರಿಂದ ಬೇಡ ಎನ್ನಲಿಲ್ಲ. ಉಂಡಿಯನ್ನು 20 ಗ್ರಾಮಿಗೆ ಸಣ್ಣದಾಗಿ ಕಟ್ಟಿ, ದಿನಕ್ಕೆ ಒಂದು, ಸಂಜೆ ಸಕ್ಕರೆಯಿಲ್ಲದ ಚಾ ಜೊತೆ. ಡಬ್ಬಿ ಹೊಲಿಗೆ ಕೋಣೆಯಿಂದ ಅತ್ತೆಯ ಕೋಣೆಗೆ ಹೋಯಿತು. ದೂರವೇ ಅರ್ಧ ಸಂಯಮ.

ಶ್ರಾವಣ ಸೋಮವಾರದ ಉಪವಾಸ ಇನ್ನೊಂದು ಬಗೆಯ ಬಲೆ. ಸಾಬೂದಾಣಿ 60 ಗ್ರಾಂ, ಶೇಂಗಾ ಪುಡಿ 25 ಗ್ರಾಂ, ಎಣ್ಣೆ ಎರಡು ಚಮಚ ಹಾಕಿದ ಒಂದು ತಾಟು ಕಿಚಡಿಗೆ 430 ಕ್ಯಾಲರಿ. ಮಧ್ಯಾಹ್ನ ಒಂದು, ರಾತ್ರಿ ಒಂದು, ನಡುವೆ ಬಾಳೆಹಣ್ಣು, ಹಾಲು. ಉಣ್ಣುವ ದಿನಕ್ಕೂ ಉಪವಾಸದ ದಿನಕ್ಕೂ ವ್ಯತ್ಯಾಸವೇ ಇರಲಿಲ್ಲ, ಪ್ರೋಟೀನ್ ಮಾತ್ರ ಅರ್ಧಕ್ಕೆ ಇಳಿದಿತ್ತು. ಒಂದು ಹೊತ್ತು ಕಿಚಡಿ, ಇನ್ನೊಂದು ಹೊತ್ತು ಮೊಸರು, ಹಣ್ಣು ಎಂದು ಮಾಡಿಕೊಂಡರು.

ಐದು ವಾರ ನಿಂತ ಮುಳ್ಳು

ಎಂಟನೇ ವಾರ 75.3, ಹನ್ನೆರಡಕ್ಕೆ 73.9, ಹದಿನೈದಕ್ಕೆ 72.7. ಅಲ್ಲಿಂದ ಹತ್ತೊಂಬತ್ತನೇ ವಾರದವರೆಗೆ ಮುಳ್ಳು ಅಲ್ಲಾಡಲಿಲ್ಲ: 72.8, 72.4, 72.9, 72.5. ಹೆಚ್ಚಿನವರು ಬಿಟ್ಟುಬಿಡುವುದು ಇಲ್ಲಿಯೇ, ಇಲ್ಲವೇ ಅನ್ನ ರೊಟ್ಟಿ ಎರಡೂ ಬಿಟ್ಟು ಹಣ್ಣಿನ ಮೇಲೆ ಬೀಳುವುದು.

ಒಂದೊಂದೇ ಪರೀಕ್ಷಿಸಲಾಯಿತು. ಮುಟ್ಟಿನ ಮುಂಚಿನ ವಾರ ದೇಹ ನೀರು ಹಿಡಿದು ಒಂದು ಕಿಲೊ ಹೆಚ್ಚು ತೋರಿಸುತ್ತದೆ. ಆದ್ದರಿಂದ ಈ ಸಲ ಮುಟ್ಟಾದ ಹತ್ತನೇ ದಿನವನ್ನು ಹೋದ ಸಲ ಮುಟ್ಟಾದ ಹತ್ತನೇ ದಿನಕ್ಕೇ ಹೋಲಿಸಬೇಕು. ಹಾಗೆ ನೋಡಿದರೂ ಇಳಿದದ್ದು 200 ಗ್ರಾಂ ಮಾತ್ರ. ಅಂದರೆ ನಿಂತದ್ದು ನಿಜ. ಎಣ್ಣೆ ಡಬ್ಬಿಯ ಗೆರೆ ನೋಡಿದರೆ ಗುಟ್ಟು ಅರ್ಧ ಸಿಕ್ಕಿತು: ಒಂದು ವಾರ ಸಣ್ಣ ಅಂತರ, ಮುಂದಿನ ವಾರ ದೊಡ್ಡದು, ಮತ್ತೆ ಸಣ್ಣದು. ನೆಗೆಣ್ಣಿಯ ಪಾಳಿಯಲ್ಲಿ ಚಮಚ ಮೂಲೆ ಸೇರಿತ್ತು. ಅವರನ್ನು ದೂರುವಂತಿಲ್ಲ, ಅವರಿಗೆ ಯಾರೂ ಕೂತು ಹೇಳಿರಲಿಲ್ಲ. ದಸರೆ, ದೀಪಾವಳಿಯ ಕರಿದ ತಿಂಡಿ ಬೇರೆ. ಇನ್ನರ್ಧ ಶೇಂಗಾದಲ್ಲಿತ್ತು. ಒಳ್ಳೆಯದು ಎಂಬ ನಂಬಿಕೆಯ ಮೇಲೆ 15 ಗ್ರಾಂ ಹುರಿದ ಶೇಂಗಾ ಹಿಡಿಯಿಂದ ಹಿಡಿಗೆ ಬೆಳೆದು, ತಕ್ಕಡಿಗೆ ಹಾಕಿದಾಗ 40 ಗ್ರಾಂ. ಅಲ್ಲಿಗೇ 140 ಕ್ಯಾಲರಿ ಹೆಚ್ಚು. ಲಗ್ನದ ಬ್ಲೌಸುಗಳ ಒತ್ತಡದಲ್ಲಿ ಹೆಜ್ಜೆ 8,000ದಿಂದ 5,000ಕ್ಕೆ, ನಿದ್ರೆ ಐದು ತಾಸಿಗೆ. ನಿದ್ರೆ ಕೆಟ್ಟ ಮರುದಿನ ಸಿಹಿಯ ಆಸೆ ಹೆಚ್ಚುವುದನ್ನು ಇವರೇ ಬರೆದಿಟ್ಟಿದ್ದರು. ಕೊನೆಯದು ಯಾರ ತಪ್ಪೂ ಅಲ್ಲ: ಆರು ಕಿಲೊ ಹಗುರಾದ ದೇಹಕ್ಕೆ ದಿನಕ್ಕೆ 80 ಕ್ಯಾಲರಿ ಕಡಿಮೆ ಸಾಕು.

ಊಟ ಇನ್ನೂ ಕಡಿಮೆ ಮಾಡಲಿಲ್ಲ. ಶೇಂಗಾಕ್ಕೆ ಒಂದು ಸಣ್ಣ ಬಟ್ಟಲು ಗೊತ್ತು ಮಾಡಿ, ಎಣ್ಣೆಯ ಲೆಕ್ಕ ನೆಗೆಣ್ಣಿಯ ಕೈಗೇ ಕೊಟ್ಟದ್ದು. ಗೆರೆ ಎಳೆಯುವವರು ಅವರೇ ಆದ ಮೇಲೆ ಚಮಚ ಮೂಲೆ ಸೇರಲಿಲ್ಲ. ಹೊಲಿಗೆಗೆ 45 ನಿಮಿಷಕ್ಕೊಮ್ಮೆ ಅಲಾರಂ: ಒಂದು ಬ್ಲೌಸಿನ ತೋಳು ಮುಗಿದರೆ ಎದ್ದು ಮಾಳಿಗೆಗೆ ಹೋಗಿ ಬರುವುದು. ರಾತ್ರಿ ಹನ್ನೊಂದಕ್ಕೆ ಮಷಿನ್ ಬಂದ್. ಇಪ್ಪತ್ತೊಂದನೇ ವಾರದಿಂದ ಮುಳ್ಳು ಮತ್ತೆ ಇಳಿಯತೊಡಗಿತು: ಇಪ್ಪತ್ನಾಲ್ಕಕ್ಕೆ 70.6, ಮೂವತ್ತಕ್ಕೆ 68.6. ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಕೂತು ಹೊಟ್ಟೆ ತುಂಬ ಉಂಡದ್ದು ಲೆಕ್ಕದಲ್ಲಿ ಕಾಣಲೇ ಇಲ್ಲ. ಒಂದು ದಿನದ ಊಟ ಕೆಡಿಸುವುದಿಲ್ಲ, ಐದು ವಾರದ ಹಿಡಿ ಶೇಂಗಾ ಕೆಡಿಸುತ್ತದೆ.

36ನೇ ವಾರ

ತೂಕ 66.9, ಒಟ್ಟು ಇಳಿದದ್ದು 11.5 ಕಿಲೊ, ಸರಾಸರಿ ವಾರಕ್ಕೆ 320 ಗ್ರಾಂ. ಸೊಂಟ 86. ಬಿಪಿ 124/80, ಗುಳಿಗೆ ಇಲ್ಲದೆ. ಎಚ್‌ಬಿಎ1ಸಿ 5.6. ಮೂವತ್ತು ಸೆಕೆಂಡಿನಲ್ಲಿ ಕುರ್ಚಿಯಿಂದ ಎದ್ದು ಕೂರುವುದು 9ರಿಂದ 17ಕ್ಕೆ. ಒಂದು ಕಿಲೋಮೀಟರ್ ನಡಿಗೆ ಹದಿನೈದೂವರೆ ನಿಮಿಷದಿಂದ ಹನ್ನೊಂದೂವರೆಗೆ. ಬಿಎಂಐ ಮಾತ್ರ 28.2, ಅಂದರೆ ಪುಸ್ತಕದ ಲೆಕ್ಕದಲ್ಲಿ ಇನ್ನೂ ಬೊಜ್ಜೇ. ಸೊಂಟವೂ 80ಕ್ಕೆ ಬಂದಿಲ್ಲ. ಇದನ್ನು ಮುಚ್ಚಿಟ್ಟು ಗೆದ್ದೆವು ಎನ್ನುವುದು ಸರಿಯಲ್ಲ. ಆದರೆ ತೂಕದ ನೂರಕ್ಕೆ ಏಳರಷ್ಟು ಇಳಿಸುವ, ವಾರಕ್ಕೆ 150 ನಿಮಿಷ ನಡೆಯುವ ಗುರಿ ಹಿಡಿದು ಸಾಗಿದರೂ ಹೊಸ್ತಿಲಲ್ಲಿರುವವರಿಗೆ ಮಧುಮೇಹ ಬರುವುದು ಶೇ 58ರಷ್ಟು ತಗ್ಗುತ್ತದೆ ಎಂದು 2002ರಲ್ಲಿ ಅಮೆರಿಕದ ದೊಡ್ಡ ಪ್ರಯೋಗವೊಂದು ತೋರಿಸಿತ್ತು. ಇವರು ಇಳಿಸಿದ್ದು ಅದರ ಎರಡರಷ್ಟು.

ಮಾರ್ಚ್ ಬಂತು, ಮುಂದಿನ ಎಂಟು ವಾರ ಇಳಿಸುವುದು ಬೇಡ, ಹಿಡಿಯುವುದು ಎಂದು ತೀರ್ಮಾನ. ಬೇಸಿಗೆಯಲ್ಲಿ ನಡಿಗೆ ಮುಂಜಾನೆ ಐದಕ್ಕೆ ಸರಿಯುತ್ತದೆ, ಮಜ್ಜಿಗೆ ಎರಡು ಲೋಟ ಹೆಚ್ಚುತ್ತದೆ. ಈಗಿನ ತೂಕಕ್ಕೆ, ಈಗಿನ ನಡಿಗೆಗೆ ದಿನಕ್ಕೆ 1800 ಸಾಲುತ್ತದೆ. ಸರಾಸರಿ 66ರಿಂದ 68ರ ನಡುವೆ ಆಡಿದರೆ ಏನೂ ಮಾಡುವುದು ಬೇಡ, 68.5 ದಾಟಿದರೆ ಮೊದಲು ಎಣ್ಣೆ ಡಬ್ಬಿಯ ಗೆರೆ, ಎರಡನೆಯದು ಶೇಂಗಾ ಬಟ್ಟಲು, ಮೂರನೆಯದು ಚಾದ ಲೆಕ್ಕ ನೋಡುವುದು, ಅದೇ ಅನುಕ್ರಮದಲ್ಲಿ. ಹೆಚ್ಚಿಗೆ ಸಿಕ್ಕ 200 ಕ್ಯಾಲರಿಗೆ ಏನು ಬೇಕೆಂದು ಕೇಳಿದಾಗ ಉತ್ತರ ತಡವಾಗಲಿಲ್ಲ: ರಾತ್ರಿ ಇನ್ನೊಂದು ರೊಟ್ಟಿ, ಅದರ ಮೇಲೆ ಒಂದು ಚಮಚ ಹಿಂಡಿ, ಮೊಸರು.